ಷಡ್ಡಕನ ಗಾಡಿಯ ತೂಕ

ನನ್ನ ದೊಡ್ಡಳಿಯನ ಕಾಲು ಗಿಡ್ಡ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅರ್ಧ ಕಾರಣ ಅದೇ. ಇನ್ನರ್ಧ ಕಾರಣ ನನ್ನ ಚಿಕ್ಕಳಿಯ.

ದೊಡ್ಡಳಿಯ ತಕ್ಕಡಿ ರಿಪೇರಿ ಮಾಡುವವನು. ದಿನಸಿ ಅಂಗಡಿ, ತರಕಾರಿ ಮಂಡಿ, ಗುಜರಿ, ಔಷಧಿ ಅಂಗಡಿ, ಎಲ್ಲೆಲ್ಲಿ ತೂಗುವ ಯಂತ್ರವಿದೆಯೋ ಅಲ್ಲೆಲ್ಲ ಅವನಿಗೆ ಕೆಲಸ. ಹೋಗುವಾಗ ಒಂದು ಮರದ ಪೆಟ್ಟಿಗೆಯೂ ಜೊತೆಗೆ ಹೋಗಬೇಕು. ಅದರೊಳಗೆ ಹಸಿರು ಬಟ್ಟೆ ಹೊದಿಸಿದ ಗೂಡುಗಳಲ್ಲಿ ಪರೀಕ್ಷೆಯ ತೂಕದ ಬಟ್ಟುಗಳು ಕೂತಿರುತ್ತವೆ. ಹತ್ತು ಕೆಜಿಯದು ಒಂದು, ಐದರದು ಒಂದು, ಎರಡರದು ಎರಡು, ಒಂದರದು ಒಂದು, ಆಮೇಲೆ ಗ್ರಾಮಿನ ಮರಿಗಳು. ಪೆಟ್ಟಿಗೆಯೂ ಸೇರಿ ಇಪ್ಪತ್ತಮೂರು ಕೆಜಿ. ಒಂದು ಬಟ್ಟನ್ನೂ ಬರಿಗೈಯಲ್ಲಿ ಮುಟ್ಟುವವನಲ್ಲ, ಬೆರಳಿನ ಬೆವರಿಗೂ ತೂಕ ಇದೆ ಎನ್ನುತ್ತಾನೆ. ಬಟ್ಟು ಒಂದು ಸಲ ನೆಲಕ್ಕೆ ಬಿತ್ತೋ, ಮುಗಿಯಿತು. ನಮ್ಮ ಕಣ್ಣಿಗೆ ಅದು ಮೊದಲಿನ ಹಾಗೇ ಇರುತ್ತದೆ. ಅವನು ಮಾತ್ರ ನಂಬುವುದಿಲ್ಲ. ಸರ್ಕಾರದ ತೂಕ-ಅಳತೆ ಕಚೇರಿಗೆ ಒಯ್ದು, ಅಲ್ಲಿ ತೂಗಿಸಿ, ಹೊಸದಾಗಿ ಮುದ್ರೆ ಹಾಕಿಸಿಕೊಂಡು ಬರುವ ತನಕ ಕೆಲಸ ಬಂದ್.

"ಬಿದ್ದ ಬಟ್ಟು ಸುಳ್ಳು ಹೇಳುತ್ತೆ ಅತ್ತೆ," ಎನ್ನುತ್ತಾನೆ. "ಅದಕ್ಕೆ ತಾನು ಸುಳ್ಳು ಹೇಳ್ತಿದೀನಿ ಅಂತ ಗೊತ್ತೂ ಇರಲ್ಲ."

ಬೀದಿಯವರು ಅವನಿಗೆ ಇಟ್ಟ ಹೆಸರು ಕಾಲ್‌ಗ್ರಾಂ. ಕಾಲು ಗ್ರಾಮು ಹೆಚ್ಚುಕಮ್ಮಿಯಾದರೂ ಊಟ ಬಿಟ್ಟು ಕೂರುತ್ತಾನೆ ಎಂದು. ಇದು ಸುಳ್ಳಲ್ಲ. ಸಂತೆಯಿಂದ ತಂದ ಈರುಳ್ಳಿ ಚೀಲವನ್ನು ಮೆಟ್ಟಿಲ ಮೇಲೆ ಇಸಿದುಕೊಂಡು, ಕೈಯಲ್ಲೇ ಒಂದು ಸಲ ಮೇಲೆ ಕೆಳಗೆ ಆಡಿಸಿ, "ಐವತ್ತು ಗ್ರಾಂ ತಿಂದಿದಾನೆ" ಎಂದರೆ ತಿಂದಿರುತ್ತಾನೆ. ಇಂಥ ಮನುಷ್ಯನ ಕೈಗೆ ಹೊಟ್ಟೆಕಿಚ್ಚು ಸಿಕ್ಕರೆ ಅದನ್ನೂ ಸುಮ್ಮನೆ ಬಿಡುವುದಿಲ್ಲ, ದಿನಾ ತೆಗೆದು ತೂಗುತ್ತಾನೆ.

ನಮ್ಮದು ಮೂರಂತಸ್ತಿನ ಸಣ್ಣ ಕಟ್ಟಡ. ಕೆಳಗೆ ದೊಡ್ಡಳಿಯನ ಕೆಲಸದ ಕೋಣೆ. ನಡುವಿನ ಮನೆಯಲ್ಲಿ ಅವನು, ನನ್ನ ದೊಡ್ಡ ಮಗಳು, ನಾನು. ಮೇಲಿನ ಮನೆಯಲ್ಲಿ ಚಿಕ್ಕ ಮಗಳು ಮತ್ತು ಅವಳ ಗಂಡ. ಚಿಕ್ಕಳಿಯನಿಗೆ ದೊಡ್ಡ ರಸ್ತೆಯಲ್ಲಿ ಕಿಟಕಿ ಪರದೆಗಳ ಅಂಗಡಿ ಇದೆ. ಎತ್ತರದ ಆಳು, ಏಣಿ ಹತ್ತದೆ ಪರದೆಯ ಕೊಳವೆ ಸಿಕ್ಕಿಸುತ್ತಾನೆ. ಬಾಯಿ ಒಳ್ಳೆಯದು, ಕೈಯೂ ಒಳ್ಳೆಯದು. ಅವನ ಮೇಲೆ ತಪ್ಪು ಹುಡುಕಬೇಕೆಂದರೆ ದೀಪ ಹಿಡಿದುಕೊಂಡು ಹೋಗಬೇಕು. ದೊಡ್ಡಳಿಯನ ಕಷ್ಟ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದು ಹಗುರ ಆಗಬಹುದಿತ್ತು. ಒಳ್ಳೆಯ ಷಡ್ಡಕ ಸಿಕ್ಕರೆ ಏನು ಮಾಡುವುದು?

ಎಂಟು ತಿಂಗಳ ಹಿಂದೆ ಚಿಕ್ಕಳಿಯ ಒಂದು ದೊಡ್ಡ ಬೈಕು ತಂದ. ಕಡುಗೆಂಪು ಬಣ್ಣದ್ದು. ಸ್ಟಾರ್ಟ್ ಮಾಡಿದರೆ ಅಡುಗೆಮನೆಯ ಲೋಟಗಳೆಲ್ಲ ಒಂದಕ್ಕೊಂದು ಮಾತಾಡುತ್ತಿದ್ದವು. ಬೀದಿಯ ಗಂಡಸರೆಲ್ಲ ಸುತ್ತ ನೆರೆದರು. ದೊಡ್ಡಳಿಯ ಕೋಣೆಯ ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತು ನೋಡಿದ.

"ಹೇಗಿದೆ ಅಣ್ಣ?" ಎಂದ ಚಿಕ್ಕಳಿಯ.

"ಶಬ್ದ ಜಾಸ್ತಿ," ಎಂದು ಒಳಗೆ ಹೋದ.

ಅಂದಿನಿಂದ ಅವನು ಬೆಳಿಗ್ಗೆ ಎಂಟೂವರೆಗೆ, ಆ ಗಾಡಿ ಹೊರಡುವ ಹೊತ್ತಿಗೆ ಸರಿಯಾಗಿ, ಯಾವುದಾದರೂ ಯಂತ್ರದೊಳಗೆ ತಲೆ ಹಾಕಿಕೊಂಡಿರುತ್ತಿದ್ದ. ಆದರೆ ಕಿವಿ ಮಾತ್ರ ಬಾಗಿಲಲ್ಲೇ. ನಾನು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದೆ. ಗಾಡಿ ಇಳಿಜಾರಿನ ತಿರುವಿನಲ್ಲಿ ಮರೆಯಾಗಿ ಶಬ್ದ ನಿಂತ ಮೇಲೇ ಅವನ ಸ್ಕ್ರೂಡ್ರೈವರ್ ತಿರುಗುತ್ತಿದ್ದದ್ದು.

ದೊಡ್ಡಳಿಯನ ಹತ್ತಿರ ಇದ್ದದ್ದು ಹದಿನೇಳು ವರ್ಷದ ಹಳೆಯ ಗಾಡಿ. ಅದರ ಹಿಂದಿನ ಸೀಟನ್ನು ಅರ್ಧಕ್ಕೆ ಕತ್ತರಿಸಿ, ಕಬ್ಬಿಣದ ಚೌಕಟ್ಟು ಬೆಸೆದು, ಪೆಟ್ಟಿಗೆಗೆ ಜಾಗ ಮಾಡಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಹೊಗೆ ಕಾರತೊಡಗಿತು. ಮೆಕ್ಯಾನಿಕ್ಕು ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡು, "ಯಜಮಾನ್ರೇ, ಇದನ್ನ ಇನ್ನು ರಿಪೇರಿ ಮಾಡೋದು ಅಂದ್ರೆ ಸತ್ತವನಿಗೆ ಕ್ಷೌರ ಮಾಡಿದ ಹಾಗೆ," ಎಂದ.

ಹಾಗಾಗಿ ಹೊಸದು ಬೇಕಾಯಿತು. ದುಡ್ಡಿನ ತೊಂದರೆ ಇರಲಿಲ್ಲ, ಅದಕ್ಕೆಂದೇ ಕೂಡಿಟ್ಟಿದ್ದ. ತೊಂದರೆ ಇದ್ದದ್ದು ಯಾವುದು ಎನ್ನುವುದರಲ್ಲಿ.

ಮೊದಲ ವಾರ ಸರಿಯಾಗಿಯೇ ಇದ್ದ. ರಟ್ಟಿನ ಮೇಲೆ ಗೆರೆ ಎಳೆದು, ಸೀಟು ಎಷ್ಟು ಎತ್ತರ, ಗಾಡಿ ಎಷ್ಟು ಭಾರ, ಲೀಟರಿಗೆ ಎಷ್ಟು ಓಡುತ್ತದೆ, ಹಿಂದೆ ಚೌಕಟ್ಟು ಕೂರುತ್ತದೋ ಇಲ್ಲವೋ ಎಂದೆಲ್ಲ ಬರೆದ. ಸಣ್ಣ ಗಾಡಿಯೊಂದು ಎಲ್ಲದರಲ್ಲೂ ಮುಂದೆ ಬಂತು. ತಗ್ಗು, ಹಗುರ, ಉದ್ದ ಸೀಟಿನದು. ನೂರ ಹನ್ನೆರಡು ಕೆಜಿ. ಇನ್ನೇನು ಶನಿವಾರ ಹೋಗಿ ತರುವುದು ಎಂದೂ ಆಯಿತು.

ಅಷ್ಟರಲ್ಲಿ ಶುಕ್ರವಾರ ನನ್ನ ದೊಡ್ಡ ಮಗಳಿಗೆ ಹಲ್ಲುನೋವು ಬಂತು. ಕೆನ್ನೆ ಊದಿಕೊಂಡಿತ್ತು. ಗಂಡನ ಗಾಡಿ ಸತ್ತು ಮಲಗಿದೆ, ಅವನು ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಮಂಡಿಗೆ ಹೋಗಿದ್ದಾನೆ. ಚಿಕ್ಕಳಿಯ, "ಬನ್ನಿ ಅತ್ತಿಗೆ, ನಾನು ಬಿಡ್ತೀನಿ," ಎಂದು ಕರೆದುಕೊಂಡು ಹೋಗಿ, ಹಲ್ಲು ಕೀಳಿಸಿ, ಕರೆದುಕೊಂಡು ಬಂದ. ಅವಳು ಗಾಡಿಯಿಂದ ಇಳಿಯುವ ಹೊತ್ತಿಗೆ ಸರಿಯಾಗಿ ದೊಡ್ಡಳಿಯ ಬಸ್ ನಿಲ್ದಾಣದಿಂದ ಬೀದಿಗೆ ತಿರುಗಿದ. ಇವಳು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನನಗೆ ಹೇಳಿದಳು, "ಅಮ್ಮಾ, ಕುರ್ಚಿ ಮೇಲೆ ಕೂತ ಹಾಗಿದೆ ಕಣೇ! ಹಲ್ಲು ಕಿತ್ತಿದ್ದೇ ಮರೆತುಹೋಯ್ತು."

ದೊಡ್ಡಳಿಯ ಪೆಟ್ಟಿಗೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದ. ಶನಿವಾರ ಗಾಡಿ ತರಲು ಹೋಗಲಿಲ್ಲ.

ಆಮೇಲೆ ಒಂದು ತಿಂಗಳು ನಡೆದದ್ದನ್ನು ಏನೆಂದು ಹೇಳಲಿ. ರಟ್ಟಿನ ಮೇಲೆ ಹೊಸ ಗೆರೆ ಬಿತ್ತು. ಅದರಲ್ಲಿ ಕಡುಗೆಂಪು ಗಾಡಿ ಸೇರಿತು. ಅದಕ್ಕಿಂತ ದೊಡ್ಡದೂ ಸೇರಿತು. ಊಟಕ್ಕೆ ಕೂತರೆ ಅದೇ ಮಾತು.

"ಮುನ್ನೂರೈವತ್ತು ಸಿಸಿದು ಚೆನ್ನಾಗಿದೆ. ಅದರ ಮೇಲೆ ನಾನೂರರದ್ದು ಬಂದಿದೆಯಂತೆ," ಎನ್ನುತ್ತಿದ್ದ.

"ಸೀಟು ಎಷ್ಟೆತ್ತರ?" ಎನ್ನುತ್ತಿದ್ದಳು ನನ್ನ ಮಗಳು.

"ಸ್ವಲ್ಪ ಎತ್ತರ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀವು ಕಾಲು ಇದ್ದಷ್ಟು ಗಾಡಿ ತಗೊಳ್ರೀ."

"ದಪ್ಪ ಅಟ್ಟೆಯ ಬೂಟು ಹಾಕಿದ್ರೆ ಸಿಗುತ್ತೆ."

"ಪೆಟ್ಟಿಗೆಗೂ ಬೂಟು ಹಾಕ್ತೀರಾ?"

ಅವಳ ಮಾತು ತಮಾಷೆಯಾದರೂ ಅದರಲ್ಲಿ ಹೆದರಿಕೆ ಇತ್ತು. ಹಿಂದೆ ಇಪ್ಪತ್ತಮೂರು ಕೆಜಿ ಕಟ್ಟಿಕೊಂಡು, ಕಾಲು ನೆಲಕ್ಕೆ ಮುಟ್ಟದ ಗಾಡಿಯಲ್ಲಿ ಮಂಡಿಯ ಕೆಸರಿನಲ್ಲಿ ನಿಂತರೆ ಗಾಡಿ ಒಂದು ದಿನ ವಾಲಿಯೇ ವಾಲುತ್ತದೆ. ಗಾಡಿ ಬಿದ್ದರೆ ಬಟ್ಟು ಬೀಳುತ್ತವೆ, ಬಟ್ಟು ಬಿದ್ದರೆ ಕೆಲಸ ಬೀಳುತ್ತದೆ. ಕೆಳಗೆ ಅವನ ಪಾದವೋ ಮೊಣಕಾಲೋ ಸಿಕ್ಕಿಕೊಂಡರೆ ಮನೆಯೇ ಬಿದ್ದ ಹಾಗೆ. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಆ ದೊಡ್ಡ ಗಾಡಿಗಳ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಇತ್ತ ದಿನಾ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ಬಲಭುಜ ಕೆಂಪಾಗಿ, ಆಮೇಲೆ ನೀಲಿಯಾಗಿತ್ತು. ದೂರದ ಅಂಗಡಿಯವರು ಬೇರೆಯವನನ್ನು ಕರೆಸಿಕೊಳ್ಳತೊಡಗಿದ್ದರು.

"ಯಾವುದಾದ್ರೂ ಒಂದು ತಗೋಪ್ಪಾ, ಭುಜ ನೋಡು," ಎಂದೆ ಒಂದು ದಿನ.

"ತಪ್ಪು ತಗೊಂಡ್ರೆ ಇನ್ನು ಹದಿನೇಳು ವರ್ಷ ಅದರ ಮೇಲೇ ಕೂರಬೇಕಲ್ಲ ಅತ್ತೆ," ಎಂದ. ಆಮೇಲೆ ದನಿ ತಗ್ಗಿಸಿ, "ಅವನ ಗಾಡಿ ನೂರ ತೊಂಬತ್ತೈದು ಕೆಜಿ ಅಂತ ಪುಸ್ತಕದಲ್ಲಿ ಹಾಕಿದಾರೆ. ನಂಗೆ ನಂಬಿಕೆ ಇಲ್ಲ."

"ಇದ್ದರೇನು, ಇಲ್ಲದಿದ್ದರೇನು?"

"ಕಾಗದದ ಮೇಲಿನ ತೂಕ ಬೇರೆ, ತಟ್ಟೆ ಮೇಲಿನ ತೂಕ ಬೇರೆ. ಇನ್ನೂರು ದಾಟುತ್ತೆ ಅದು. ನೋಡ್ತಿರಿ."

ಅವನ ಮುಖದಲ್ಲಿ ಒಂದು ಆಸೆ ಕಂಡಿತು. ಆ ಗಾಡಿ ಐದು ಕೆಜಿಯಷ್ಟಾದರೂ ಸುಳ್ಳಾಗಿರಲಿ ಎನ್ನುವ ಆಸೆ. ಸುಳ್ಳು ಗಾಡಿ ಎಂದು ಒಂದು ಸಲ ಹೇಳಲು ಸಿಕ್ಕಿದರೆ ಸಾಕು, ಹೋಗಿ ಸಣ್ಣದನ್ನು ತಂದುಬಿಡುತ್ತಿದ್ದ ಎಂದು ನನಗೆ ಆಗಲೇ ಅನ್ನಿಸಿತು.

ಈರುಳ್ಳಿ ವ್ಯಾಪಾರಿಯೊಬ್ಬರ ದೊಡ್ಡ ತಕ್ಕಡಿ ರಿಪೇರಿಗೆ ಬಂದಿತ್ತು. ನೆಲದ ಮೇಲೆ ಕೂರುವಂಥದು, ಮೂಟೆ ತೂಗುವಂಥದು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾನು ಹಾಲು ಕಾಯಿಸುತ್ತಿದ್ದೆ. ಕೆಳಗೆ ಏನೋ ಉರುಳುವ ಸದ್ದು ಕೇಳಿತು. ಆಮೇಲೆ ಧಡಾರ್ ಎಂದು ಶಬ್ದ, ಅದರ ಹಿಂದೆಯೇ ಕಬ್ಬಿಣ ಕಬ್ಬಿಣಕ್ಕೆ ಹೊಡೆದ ಶಬ್ದ. ಒಲೆ ಆರಿಸಿ ಇಳಿದೆ.

ಕೋಣೆಯೊಳಗೆ ಚಿಕ್ಕಳಿಯನ ಕಡುಗೆಂಪು ಗಾಡಿ ಬಲಕ್ಕೆ ಮಲಗಿತ್ತು. ಕೋಣೆಯ ಬಾಗಿಲಿಗೆ ಅಡ್ಡವಾದಾಗ ಯಾರು ಬೇಕಾದರೂ ಸರಿಸಲಿ ಎಂದು ಅವನು ಕೀಲಿಯನ್ನು ಕೆಳಗಿನ ಮೊಳೆಗೇ ಸಿಕ್ಕಿಸಿ ಹೋಗುತ್ತಿದ್ದ. ದೊಡ್ಡಳಿಯ ಗಾಡಿಯನ್ನು ಒಳಗೆ ತಂದಿದ್ದಾನೆ. ತಕ್ಕಡಿ ಅಷ್ಟುದ್ದ ಇಲ್ಲವಲ್ಲ, ಅದಕ್ಕೆ ಮುಂದಿನ ಚಕ್ರ ಒಂದು ಸಲ, ಹಿಂದಿನ ಚಕ್ರ ಒಂದು ಸಲ ತೂಗಿ ಕೂಡಿಸುವುದು ಎಂದು ಲೆಕ್ಕ ಹಾಕಿದ್ದಾನೆ. ಇನ್ನೊಂದು ಚಕ್ರದಡಿಗೆ ಅಷ್ಟೇ ಎತ್ತರದ ಹಲಗೆ ಕೊಟ್ಟಿದ್ದಾನೆ. ಮುಂದಿನದು ಆಗಿದೆ. ಹಿಂದಿನದನ್ನು ಹತ್ತಿಸುವಾಗ ಹಲಗೆ ಜಾರಿ, ಗಾಡಿ ಆ ಕಡೆಗೆ ವಾಲಿ, ಹಿಡಿಯಲು ಕೈ ಸಾಲದೆ, ಹೋಗಿ ಬಿದ್ದದ್ದು ತೆರೆದಿಟ್ಟಿದ್ದ ಪೆಟ್ಟಿಗೆಯ ಮೇಲೆ. ತಕ್ಕಡಿ ಸರಿ ಇದೆಯೋ ಎಂದು ಮೊದಲು ಬಟ್ಟು ಇಟ್ಟು ನೋಡಿಕೊಂಡಿದ್ದನಂತೆ. ಕದ್ದು ತೂಗುವಾಗಲೂ ತಕ್ಕಡಿ ಸರಿಯಿರಬೇಕು ಅವನಿಗೆ!

ಬಟ್ಟುಗಳು ಮೂಲೆ ಮೂಲೆಗೆ ಉರುಳಿದ್ದವು. ಹತ್ತು ಕೆಜಿಯದು ಗಾಡಿಯ ಪೆಟ್ರೋಲ್ ಟ್ಯಾಂಕಿನಡಿ ಸಿಕ್ಕಿಕೊಂಡಿತ್ತು. ದೊಡ್ಡಳಿಯ ಹ್ಯಾಂಡಲ್ ಹಿಡಿದು ಎತ್ತುತ್ತಿದ್ದ, ಗಾಡಿ ಒಂದು ಗೇಣು ಮೇಲೆದ್ದು ಮತ್ತೆ ಕೂರುತ್ತಿತ್ತು. ನಾನೂ ಒಂದು ಕೈ ಕೊಟ್ಟೆ. ಎಪ್ಪತ್ತೊಂದರ ಕೈ, ಅದರಿಂದ ಏನಾಗಬೇಕು.

"ಮೇಲಿನಿಂದ ಅವನನ್ನ ಕರೀತೀನಿ," ಎಂದೆ.

"ಅವನನ್ನ ಕರೀಬೇಡಿ ಅತ್ತೆ."

"ಮತ್ಯಾರನ್ನ ಕರೀಲಿ?"

"ಯಾರನ್ನಾದ್ರೂ. ಹಾಲಿನವನನ್ನ ಕರೀರಿ."

"ಅವನ ಗಾಡಿಯನ್ನ ಹಾಲಿನವನ ಹತ್ರ ಎತ್ತಿಸಿ, ಆಮೇಲೆ? ಟ್ಯಾಂಕ್ ಜಜ್ಜಿದ್ದಕ್ಕೆ ಏನು ಹೇಳ್ತೀಯ, ನೆಗಡಿ ಆಗಿದೆ ಅಂತೀಯಾ?"

ಅವನು ಇನ್ನೆರಡು ಸಲ ಎತ್ತಿದ. ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು. ಮೂರನೆಯ ಸಲ ಕೈ ಬಿಟ್ಟು, ನೆಲದ ಮೇಲೆ ಕೂತು, "ಕರೀರಿ," ಎಂದ.

ಚಿಕ್ಕಳಿಯ ಲುಂಗಿಯಲ್ಲೇ, ನಿದ್ದೆಗಣ್ಣಲ್ಲೇ ಇಳಿದು ಬಂದ. ಒಂದು ಸಲ ನೋಡಿದ. ಏನೂ ಕೇಳದೆ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಹಿಂಗೈಯಲ್ಲಿ ಹಿಡಿದು, ಸೊಂಟದಿಂದ ನೂಕಿದ. ಮಗು ಎದ್ದು ನಿಂತ ಹಾಗೆ ಎದ್ದು ನಿಂತಿತು ಗಾಡಿ. ಟ್ಯಾಂಕಿನ ಬಲಬದಿಯಲ್ಲಿ ಅಂಗೈ ಅಗಲದ ಗುಳಿ. ಬಲಗನ್ನಡಿ ಚೂರು.

"ನಿಮಗೇನಾದ್ರೂ ತಗುಲಿತಾ ಅಣ್ಣ?"

"ಇಲ್ಲ."

"ಇದು ತಕ್ಕಡಿ ಹತ್ರ ಏನು ಮಾಡ್ತಿತ್ತು?"

ದೊಡ್ಡಳಿಯ ಗೋಡೆ ನೋಡಿದ. "ತೂಕ ನೋಡ್ತಿದ್ದೆ."

ಚಿಕ್ಕಳಿಯ ತಲೆ ಕೆರೆದುಕೊಂಡ. ಆಮೇಲೆ ನಿಜವಾಗಿಯೂ ತಿಳಿಯುವ ಆಸೆಯಿಂದ, "ಎಷ್ಟು ಬಂತು?" ಎಂದ.

"ಮುಂದಿನದು ತೊಂಬತ್ತಮೂರು. ಹಿಂದಿನದು ನೋಡೋದ್ರೊಳಗೆ ಬಿತ್ತು."

"ಹಾಗಾದ್ರೆ ಅರ್ಧಕ್ಕೆ ಯಾಕೆ ಬಿಡೋದು? ನೋಡೇಬಿಡೋಣ. ನಾನು ಹಿಡ್ಕೋತೀನಿ."

ಅವನು ಎರಡು ಬೆರಳಲ್ಲಿ ಹಿಡಿದವನಂತೆ ಗಾಡಿಯನ್ನು ಹತ್ತಿಸಿ ನಿಲ್ಲಿಸಿ, ಕೈ ಸಡಿಲ ಬಿಟ್ಟ. ಯಂತ್ರದ ಅಂಕಿ ಕುಣಿದು ನಿಂತಿತು. ನೂರ ಎರಡು.

"ಎರಡೂ ಸೇರಿ?" ಎಂದೆ ನಾನು. ನನಗೆ ಕೂಡುವುದು ಬರುತ್ತದೆ. ಆದರೂ ಅವನ ಬಾಯಿಂದ ಬರಲಿ ಎಂದು ಕೇಳಿದೆ.

"ನೂರ ತೊಂಬತ್ತೈದು," ಎಂದ ದೊಡ್ಡಳಿಯ. "ಪುಸ್ತಕದಲ್ಲಿ ಇದ್ದಷ್ಟೇ."

"ಪರವಾಗಿಲ್ವೇ! ಕಂಪನಿಯವರು ನಿಜಾನೇ ಬರೆದಿದಾರೆ," ಎಂದು ಚಿಕ್ಕಳಿಯ ಖುಷಿಪಟ್ಟ. "ಗುಳಿ ಬಿಡಿ ಅಣ್ಣ, ಒಳಗಿಂದ ತಟ್ಟಿದ್ರೆ ಸರಿಹೋಗುತ್ತೆ. ನಿಮ್ಮ ಬಟ್ಟು ಹೋದ್ವಲ್ಲ, ಅದೇ ಬೇಜಾರು." ಅಷ್ಟೇ ಅಲ್ಲ, ಕಪಾಟಿನಿಂದ ಕೈಗವಸು ಹುಡುಕಿ ಹಾಕಿಕೊಂಡು, ಬಗ್ಗಿ, ಒಂದೊಂದೇ ಬಟ್ಟು ಹೆಕ್ಕಿ ಹಸಿರು ಗೂಡಿಗೆ ಇಟ್ಟ. ಬರಿಗೈಯಲ್ಲಿ ಮುಟ್ಟಬಾರದು ಎಂಬುದೂ ಅವನಿಗೆ ನೆನಪಿತ್ತು.

ಅವನೊಂದು ಮಾತು ಬೈದಿದ್ದರೆ ದೊಡ್ಡಳಿಯ ಬದುಕಿಕೊಳ್ಳುತ್ತಿದ್ದ.

ಮೇಲೆ ಬಂದರೆ ನನ್ನ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಾಚಿಕೆ ಆಗಲ್ವೇನ್ರೀ ನಿಮಗೆ? ಕಳ್ಳನ ಹಾಗೆ ಬೆಳಗಿನ ಜಾವ ಎದ್ದು ಇನ್ನೊಬ್ಬರ ಗಾಡಿ ತೂಗ್ತಾರಾ? ಹೋಗಿ ಹೋಗಿ ನನ್ನ ತಂಗಿ ಗಂಡನ ಗಾಡಿ! ನಾನು ಹೇಗೆ ಅವಳ ಮುಖ ನೋಡ್ಲಿ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ಏನಾಗಿದೆ ನಿಮಗೆ? ಆ ಮನುಷ್ಯ ನಿಮಗೇನು ಮಾಡಿದಾನೆ?"

"ಅವನೇನೂ ಮಾಡಿಲ್ಲ. ನೀನು ನಕ್ಕೆ."

"ಏನು?"

"ಹಲ್ಲು ಕೀಳಿಸ್ಕೊಂಡು ಬಂದ ದಿನ. ಅವನ ಗಾಡಿಯಿಂದ ನಗ್ತಾ ಇಳಿದೆ. ಬಾಯಲ್ಲಿ ಹತ್ತಿ ಇತ್ತು, ಆದ್ರೂ ನಗ್ತಾ ಇಳಿದೆ. ಹದಿನೇಳು ವರ್ಷದಲ್ಲಿ ನನ್ನ ಗಾಡಿಯಿಂದ ಒಂದು ದಿನನೂ ಹಾಗೆ ಇಳಿದಿಲ್ಲ."

ನನ್ನ ಮಗಳ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಜಾಗ ಬದಲಾಯಿತು.

"ನಿಮ್ಮ ಗಾಡಿ ಮೇಲೆ ನಾನು ಕೂತಿದ್ದು ಯಾವಾಗ?" ಎಂದಳು. "ಪೆಟ್ಟಿಗೆ ಕೂತಿತ್ತು. ನಾನು ಅದರ ಮುಂದೆ ಒಂದು ಗೇಣು ಜಾಗದಲ್ಲಿ ನೇತಾಡ್ತಿದ್ದೆ. ಕಬ್ಬಿಣದ ಪಟ್ಟಿ ಬೆನ್ನಿಗೆ ಚುಚ್ಚುತ್ತೆ ಅಂದ್ರೆ, 'ಹುಷಾರು, ಬಟ್ಟು ಅಲುಗಾಡುತ್ತೆ' ಅಂದೋರು ನೀವು. ನಂಗೆ ಗಾಡಿ ದೊಡ್ಡದು ಬೇಡ. ಕೂತ್ಕೊಳ್ಳೋಕೆ ಜಾಗ ಕೊಡಿ."

ಆ ದಿನ ನಾನು ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸಿದೆ.

ಬಟ್ಟುಗಳನ್ನು ಕಚೇರಿಗೆ ಕೊಟ್ಟು ಬಂದ. ವಾಪಸ್ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಕೆಲಸವಿಲ್ಲದೆ ಕೋಣೆಯಲ್ಲಿ ಕೂತು ಕಬ್ಬಿಣ ಕೊಯ್ದ, ಬೆಸೆದ, ಉಜ್ಜಿದ. ಏನೆಂದು ನಾನು ಕೇಳಲಿಲ್ಲ. ಚಿಕ್ಕಳಿಯನ ಟ್ಯಾಂಕಿನ ಗುಳಿಯನ್ನು ಅವನೇ ತಟ್ಟಿ ಎತ್ತಿದ, ಕನ್ನಡಿ ತಂದು ಹಾಕಿದ. ಬಣ್ಣ ಹಚ್ಚುವಾಗ ಕಡುಗೆಂಪು ಬಣ್ಣದ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದ. ಮಕ್ಕಳು ಸಿಹಿತಿಂಡಿಯ ಅಂಗಡಿಯ ಗಾಜಿನ ಮುಂದೆ ನಿಲ್ಲುತ್ತಾರಲ್ಲ, ಹಾಗೆ.

ಹತ್ತನೆಯ ದಿನ, "ನಡಿ, ಹೋಗೋಣ. ಅತ್ತೆ, ನೀವೂ ಬನ್ನಿ," ಎಂದ. ಬಸ್ಸಿನಲ್ಲಿ ಹೋದೆವು. ಪೆಟ್ಟಿಗೆಯೂ ಬಂತು, ಒಂದು ದೊಡ್ಡ ಚೀಲವೂ ಬಂತು.

ಶೋರೂಮಿನ ನೆಲ ಕನ್ನಡಿಯ ಹಾಗಿತ್ತು. ಗಾಡಿ ತೋರಿಸುವ ಹುಡುಗಿ ನನಗೆ ಕುರ್ಚಿ ಕೊಟ್ಟು, ನೀರು ಕೊಟ್ಟಳು. ದೊಡ್ಡಳಿಯ ಸೀದಾ ಹೋಗಿ ನಿಂತದ್ದು ಎಲ್ಲಕ್ಕಿಂತ ದೊಡ್ಡದರ ಮುಂದೆ. ನಾನೂರರದ್ದು. ನನ್ನ ಮಗಳು ನನ್ನ ಕಡೆ ತಿರುಗಿ ನೋಡಿದಳು. ನಾನು ನೀರು ಕುಡಿದೆ.

ಅವನು ಪೆಟ್ಟಿಗೆಯನ್ನು ಅದರ ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ. ಹತ್ತಿ ಕೂತ. ಎರಡೂ ಕಾಲಿನ ಹೆಬ್ಬೆರಳ ತುದಿ ನೆಲ ಹುಡುಕಿದವು. ಗಾಡಿ ಒಂದು ಕಡೆಗೆ ಮೆಲ್ಲಗೆ ವಾಲತೊಡಗಿದ್ದೇ, ಹುಡುಗಿ ಓಡಿ ಬಂದು ಹ್ಯಾಂಡಲ್ ಹಿಡಿದಳು.

"ಚೆನ್ನಾಗಿ ಹೊಂದುತ್ತೆ ಸಾರ್ ನಿಮಗೆ," ಎಂದಳು ಹಲ್ಲು ಕಚ್ಚಿಕೊಂಡು.

"ಈ ಹುಡುಗೀನೂ ಗಾಡಿ ಜೊತೆಗೇ ಕೊಡ್ತಾರಾ ಕೇಳ್ರೀ," ಎಂದಳು ನನ್ನ ಮಗಳು. "ಸಿಗ್ನಲ್ಲಲ್ಲಿ ಹಿಡ್ಕೊಳ್ಳೋಕೆ ಬೇಕಾಗುತ್ತೆ."

ಅವನು ಇಳಿದ. "ಇದನ್ನ ಒಂದು ಸಲ ಮಲಗಿಸಿ ನೋಡಬಹುದಾ?" ಎಂದು ಹುಡುಗಿಯನ್ನು ಕೇಳಿದ.

"ಮಲಗಿಸಿ ಅಂದ್ರೆ ಸಾರ್?"

"ನೆಲಕ್ಕೆ. ಬೀಳಿಸಲ್ಲ, ಮೆಲ್ಲಗೆ ಮಲಗಿಸ್ತೀನಿ. ನನ್ನ ಕೈಲಿ ಎಬ್ಬಿಸೋಕಾಗುತ್ತಾ ನೋಡಬೇಕು."

"ಅಯ್ಯೋ ಸಾರ್! ಇದು ಬೀಳೋ ಗಾಡಿನೇ ಅಲ್ಲ."

"ಎಲ್ಲಾ ಗಾಡಿನೂ ಬೀಳುತ್ತೆ ಕಣಮ್ಮ. ಬಿದ್ದಾಗ ಎಬ್ಬಿಸೋಕೆ ಪಕ್ಕದವನನ್ನ ಕರೀಬೇಕಾ, ನಮಗೇ ಆಗುತ್ತಾ, ಅಷ್ಟು ಗೊತ್ತಾಗಬೇಕು ನಂಗೆ."

ಹುಡುಗಿ ಮ್ಯಾನೇಜರನ್ನು ಕರೆದಳು. ಅವರು ಬಂದು ಆ ದೊಡ್ಡದನ್ನು ಮಲಗಿಸಲು ಖಂಡಿತ ಆಗದು ಎಂದರು. ಬೇಕಾದರೆ ಆ ಸಣ್ಣದು ಓಡಿಸಿ ತೋರಿಸಲೆಂದೇ ಇಟ್ಟ ಗಾಡಿ, ಅದನ್ನು ಹಿಂದಿನ ಅಂಗಳದಲ್ಲಿ ರಟ್ಟು ಹಾಸಿ ಮಲಗಿಸಿ ನೋಡಿ ಎಂದರು. ಹಾಗೇ ಆಯಿತು. ನೂರ ಹನ್ನೆರಡು ಕೆಜಿ. ದೊಡ್ಡಳಿಯ ಅದಕ್ಕೆ ಬೆನ್ನು ಕೊಟ್ಟು ಕುಕ್ಕರಿಸಿದ, ಹಿಂಗೈಯಲ್ಲಿ ಹಿಡಿದ, ಸೊಂಟದಿಂದ ನೂಕಿದ. ಆ ವರಸೆಯನ್ನು ಅವನು ಯಾರಿಂದ ಕಲಿತನೆಂದು ನಾನಾಗಲಿ ನನ್ನ ಮಗಳಾಗಲಿ ಬಾಯಿ ಬಿಡಲಿಲ್ಲ. ಗಾಡಿ ಒಂದೇ ಸಲಕ್ಕೆ ಎದ್ದು ನಿಂತಿತು.

ಆಮೇಲೆ ಅವನು ಚೀಲದಿಂದ ಆ ಒಂಬತ್ತು ದಿನದ ಕೆಲಸವನ್ನು ತೆಗೆದ. ಎರಡು ಕಬ್ಬಿಣದ ಬುಟ್ಟಿಗಳು, ಚಕ್ರದ ಎಡಕ್ಕೊಂದು ಬಲಕ್ಕೊಂದು ತೂಗುಹಾಕುವಂಥವು, ಒಳಗೆಲ್ಲ ರಬ್ಬರಿನ ಮೆತ್ತೆ. ಒಂದರಲ್ಲಿ ಹತ್ತರ ಬಟ್ಟು, ಇನ್ನೊಂದರಲ್ಲಿ ಉಳಿದ ಹತ್ತು ಕೆಜಿ. ಮೇಲಿನ ಸೀಟು ಪೂರ್ತಿ ಖಾಲಿ.

"ಕೂತ್ಕೋ," ಎಂದ ಹೆಂಡತಿಗೆ.

ಅವಳು ಕೂತಳು. ಒಂದು ಸಲ ಹಿಂದಕ್ಕೆ ಸರಿದಳು, ಜಾಗ ಇದೆಯೋ ಎಂದು ಕೈಯಿಂದ ಮುಟ್ಟಿ ನೋಡಿಕೊಂಡಳು, ಇನ್ನೂ ಸ್ವಲ್ಪ ಸರಿದಳು. "ಇದೇ ಸಾಕ್ರೀ," ಎಂದಳು.

ಅವನು ರುಜು ಹಾಕಿದ. ಹಾಕುವಾಗಲೂ ಒಂದು ಕಣ್ಣು ಆ ನಾನೂರರದ್ದರ ಮೇಲೇ ಇತ್ತು. ಹುಡುಗಿ ಬಟ್ಟೆ ತಂದು ಅದರ ಮೇಲೆ ಬಿದ್ದ ಅವನ ಬೆರಳಿನ ಗುರುತುಗಳನ್ನು ಒರೆಸುತ್ತಿದ್ದಳು.

ಗಾಡಿ ಮನೆಗೆ ಬಂದದ್ದು ಗುರುವಾರ ಮಧ್ಯಾಹ್ನ. ಚಿಕ್ಕಳಿಯ ಊಟಕ್ಕೆ ಬಂದವನು ಬೀದಿಯಲ್ಲೇ ನಿಂತು ಸುತ್ತ ತಿರುಗಿ ನೋಡಿದ. ಬುಟ್ಟಿಗಳನ್ನು ಅಲುಗಾಡಿಸಿ ನೋಡಿ ತಲೆದೂಗಿದ.

"ನಾನೊಂದು ರೌಂಡ್ ಹೋಗಿ ಬರ್ಲಾ ಅಣ್ಣ?"

ಕೊಡದೆ ಹೇಗಿರುವುದು. ಕೊಟ್ಟ. ಚಿಕ್ಕಳಿಯ ಆ ಪುಟ್ಟ ಗಾಡಿಯ ಮೇಲೆ ಉದ್ದ ಕಾಲು ಮಡಚಿ ಕೂತು, ಒಂದು ಕೈ ತೊಡೆಯ ಮೇಲೆ ಇಟ್ಟು, ಇನ್ನೊಂದು ಕೈಯಲ್ಲೇ ಇಳಿಜಾರಿನಲ್ಲಿ ಬಿಟ್ಟ. ತಿರುವಿನಲ್ಲಿ ಸ್ವಲ್ಪ ಬಾಗಿ, ಗಾಳಿಗೆ ಅಂಗಿ ಉಬ್ಬಿಸಿಕೊಂಡು, ಹಕ್ಕಿ ಇಳಿದ ಹಾಗೆ ಇಳಿದು ಹೋದ. ಎದುರು ಮನೆಯವರೂ ಬಾಗಿಲಿಗೆ ಬಂದು ನೋಡಿದರು.

ದೊಡ್ಡಳಿಯ ನನ್ನ ಪಕ್ಕ ಮೆಟ್ಟಿಲ ಮೇಲೆ ನಿಂತಿದ್ದ. "ನನ್ನ ಗಾಡಿನೂ ಅವನ ಕೈಯಲ್ಲೇ ಚೆಂದ ಕಾಣುತ್ತಲ್ಲ ಅತ್ತೆ," ಎಂದ.

ಚೆಂದವೇ ಕಾಣುತ್ತಿತ್ತು.

ಚಿಕ್ಕಳಿಯ ಎರಡು ನಿಮಿಷಕ್ಕೆ ತಿರುಗಿ ಬಂದ. "ಹೂವಿನ ಹಾಗಿದೆ ಅಣ್ಣ! ಪೇಟೆ ಒಳಗೆ ಓಡಾಡೋಕೆ ಇಂಥದೇ ಸರಿ," ಎಂದು ಬೆನ್ನು ತಟ್ಟಿ, ಊಟ ಮಾಡಿ, ತನ್ನ ದೊಡ್ಡದನ್ನು ಸ್ಟಾರ್ಟ್ ಮಾಡಿಕೊಂಡು ಅಂಗಡಿಗೆ ಹೋದ. ಲೋಟಗಳು ಮಾತಾಡಿಕೊಂಡವು.

ಆ ಶಬ್ದ ಪೂರ್ತಿ ನಿಂತ ಮೇಲೆ ದೊಡ್ಡಳಿಯ ಒಳಗೆ ಕೂಗಿದ, "ಬಾರೇ, ಒಂದು ರೌಂಡ್ ಹೋಗಿ ಬರೋಣ."

"ಈಗ ತಾನೇ ಅದರ ಮೇಲೇ ಬಂದ್ವಲ್ಲ ರೀ! ಪಾತ್ರೆ ಹಾಗೇ ಬಿದ್ದಿದೆ."

"ಪಾತ್ರೆ ಎಲ್ಲಿಗೂ ಓಡಿಹೋಗಲ್ಲ. ಬಾ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಪಾತ್ರೆ ನಾನೇ ತೊಳೆದೆ. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಬಂದಾಗ ಅವಳ ಕೂದಲೆಲ್ಲ ಕೆದರಿತ್ತು. ಅವನು ಕೋಣೆಯ ಕಡೆ ಹೋದ, ಇವಳು ಅಡುಗೆಮನೆಗೆ ಬಂದಳು.

"ಎಲ್ಲಿಗೆ ಹೋಗಿದ್ರಿ ಇಷ್ಟು ಹೊತ್ತು?" ಎಂದೆ.

"ಎಲ್ಲಿಗೂ ಇಲ್ಲಮ್ಮ. ಪರದೆ ಅಂಗಡಿ ಮುಂದೆ ಮೂರು ಸಲ ಹೋದ್ವಿ."

"ಮೂರು ಸಲ ಯಾಕೆ?"

"ಮೊದಲನೇ ಸಲ ಅವನು ಗಿರಾಕಿ ಜೊತೆ ಮಾತಾಡ್ತಿದ್ದ, ನೋಡ್ಲಿಲ್ಲ. ಎರಡನೇ ಸಲ ಪರದೆ ಹಿಂದೆ ಇದ್ದ," ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಮೂರನೇ ಸಲ ಇವರು ಅಂಗಡಿ ಎದುರಿಗೇ ನಿಲ್ಲಿಸಿ ಹಾರ್ನ್ ಹೊಡೆದ್ರು."